ರೂಯಿಬೋಸ್ ಚಹಾದಿಂದ ಮನೆಯಲ್ಲೇ ಸೆಂಟ್ ಮಾಡಬಹುದೇ?

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗಳು ರೂಯಿಬೋಸ್ ಚಹಾದ ಡಬ್ಬಿ ತಂದಿದ್ದಳು. ಕಷಾಯ ಕುಡಿದು ರೂಢಿಯಾದ ನಮಗ್ಯಾರಿಗೂ ಅದರ ರುಚಿ ಹಿಡಿಸಲಿಲ್ಲ, ಪರಿಮಳ ಮಾತ್ರ ಬಹಳ ಸೇರಿತು. ಕೊಬ್ಬರಿ ಎಣ್ಣೆಯಲ್ಲಿ ಕುದಿಸಿ ಅತ್ತರಿನ ಹಾಗೆ ಹಚ್ಚಿಕೊಳ್ಳಬಹುದೇ? ಅಂಗಡಿಯ ಸೆಂಟುಗಳಿಗೂ ಇದನ್ನು ಹಾಕುತ್ತಾರಂತೆ, ಹೌದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಹಾಕುತ್ತಾರೆ. ಆದರೆ ಬಾಟಲಿಯ ಮೇಲೆ ಹೆಸರು ಕಂಡಲ್ಲೆಲ್ಲ ಒಳಗೆ ಎಲೆಯ ಸಾರ ಇದೆಯೆಂದು ನಂಬಬೇಡಿ. ಕೊಬ್ಬರಿ ಎಣ್ಣೆಯ ವಿಚಾರ ಬಿಟ್ಟುಬಿಡಿ. ಕುದಿಸಿದರೆ ಕೊನೆಗೆ ಮೂಗಿಗೆ ಬಡಿಯುವುದು ಕೊಬ್ಬರಿಯೇ.

ರೂಯಿಬೋಸ್ ನಮ್ಮ ಚಹಾದ ಜಾತಿಯದ್ದಲ್ಲ. ದಕ್ಷಿಣ ಆಫ್ರಿಕದ ಸೀಡರ್‌ಬರ್ಗ್ ಬೆಟ್ಟಗಳ ಕಡೆ ಬೆಳೆಯುವ, ತೊಗರಿ–ಹೆಸರಿನ ಕುಟುಂಬಕ್ಕೇ ಸೇರಿದ, ಸೂಜಿ ಎಲೆಯ ಪೊದೆ. ಕೊಯ್ದಾಗ ಅದಕ್ಕೆ ಬರೀ ಹಸಿ ಸೊಪ್ಪಿನ ವಾಸನೆ. ಕತ್ತರಿಸಿ, ಜಜ್ಜಿ, ನೀರು ಹನಿಸಿ ರಾಶಿ ಹಾಕಿದ ಮೇಲೆ ಗಾಳಿ ತಾಗಿ ಎಲೆ ಕೆಂಪಾಗುತ್ತದೆ, ಪರಿಮಳ ಹುಟ್ಟುವುದೂ ಆಗಲೇ. ಆಮೇಲೆ ಬಿಸಿಲಿಗೆ ಒಣಗಿಸುತ್ತಾರೆ. ಹಾಗಾಗಿ ಕೆಂಪಾಗಲು ಬಿಡದೆ ಒಣಗಿಸಿದ ‘ಹಸಿರು ರೂಯಿಬೋಸ್’ ನಿಮ್ಮ ಕೆಲಸಕ್ಕೆ ಬಾರದು. ಕೆಂಪಿನದು ಮಧ್ಯಾಹ್ನದ ಬಿಸಿಲಿಗೆ ಕಾದ ಹುಲ್ಲಿನ ಬಣವೆಯ ಪಕ್ಕ ಯಾರೋ ಜೇನುತುಪ್ಪದ ಬಾಟಲಿ ತೆರೆದ ಹಾಗಿರುತ್ತದೆ. ಅದರಲ್ಲಿ ಸೌದೆ ಹೊಗೆಯಲ್ಲೂ ಇರುವ ಗ್ವಾಯಕಾಲ್ ಎಂಬ ವಾಸನೆಯ ವಸ್ತು ಇದೆ, ಗುಲಾಬಿ ಎಣ್ಣೆಯಲ್ಲೂ ಸಿಗುವ ಡಮಾಸ್ಕೆನೋನ್ ಎಂಬುದೂ ಇದೆ.

ಕಾರ್ಖಾನೆಯವರು ಎಲೆಯನ್ನು ಹೆಕ್ಸೇನಿನಂಥ ದ್ರಾವಕದಲ್ಲಿ ನೆನೆಸಿ, ಮೇಣದಂಥ ಮುದ್ದೆ ತೆಗೆದು, ಅದನ್ನು ಆಲ್ಕೋಹಾಲಿನಲ್ಲಿ ತೊಳೆದು ‘ಆಬ್ಸಲ್ಯೂಟ್’ ಎಂಬ ಕಡುಬಣ್ಣದ ಗಟ್ಟಿ ಸಾರ ಮಾಡುತ್ತಾರೆ. ಇದು ದುಬಾರಿ ಬಾಬತ್ತು. ಅದಕ್ಕೇ ಎಷ್ಟೋ ಸೆಂಟುಗಳಲ್ಲಿ ಚಹಾದ ಪರಿಮಳವನ್ನು ಬೇರೆ ವಸ್ತುಗಳಿಂದ ಕಟ್ಟುತ್ತಾರೆ. ಬುಲ್ಗರಿ ಕಂಪನಿಗಾಗಿ ಜಾನ್-ಕ್ಲೋಡ್ ಎಲೆನಾ ಮಾಡಿಕೊಟ್ಟ, 1992ರ ಹಸಿರು ಚಹಾದ ಸೆಂಟಿನಲ್ಲಿ ಆ ಭಾವ ಬರಿಸಿದ್ದು ಮುಖ್ಯವಾಗಿ ಹೆಡಿಯೋನ್ ಮತ್ತು ಅಯೋನೋನ್ ಎಂಬ ಸುಗಂಧ ರಾಸಾಯನಿಕಗಳು. ಅದನ್ನು ಮೋಸ ಅಂತ ನಾನು ಹೇಳಲಾರೆ; ಮೂಗಿಗೆ ಬೇಕಾದ್ದು ಸಿಕ್ಕಿತಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಟಿಂಕ್ಚರ್, ಅಂದರೆ ಎಲೆಯನ್ನು ಆಲ್ಕೋಹಾಲಿನಲ್ಲಿ ನೆನೆಸಿ ಇಳಿಸಿದ ಸಾರ. ಮೊದಲು ನಿಮ್ಮ ಡಬ್ಬಿ ಓದಿ: ವೆನಿಲ್ಲಾ, ಕಿತ್ತಳೆ ಸೇರಿಸಿದ್ದರೆ ಬೇಡ, ಅದೇ ಮುಂದೆ ನಿಲ್ಲುತ್ತದೆ. ಸುಗಂಧ ತಯಾರಿಕೆಗೆಂದೇ ಮಾರುವ ಆಲ್ಕೋಹಾಲ್ ಆನ್‌ಲೈನಿನಲ್ಲಿ ಸಿಗುತ್ತದೆ. ಪೇಂಟ್ ಅಂಗಡಿಯ ಸ್ಪಿರಿಟ್ಟಿನಲ್ಲಿ ಮೆಥನಾಲ್ ಇರಬಹುದು, ಅದನ್ನು ಮೈಗೆ ತಾಗಿಸಲೇಬೇಡಿ. 100 ಮಿಲಿಗೆ 10 ಗ್ರಾಂ ಎಲೆ ಹಾಕಿ, ಗಾಜಿನ ಬಾಟಲಿಯ ಮುಚ್ಚಳ ಬಿಗಿದು, ಒಲೆಯಿಂದ ದೂರ ಕತ್ತಲಲ್ಲಿ ಎರಡು ಮೂರು ವಾರ ಇಡಿ. ದಿನಕ್ಕೊಮ್ಮೆ ಅಲ್ಲಾಡಿಸಿ. ಸೋಸಿ, ಅದೇ ದ್ರವಕ್ಕೆ ಹೊಸ ಎಲೆ ಹಾಕಿ ಮತ್ತೊಮ್ಮೆ ನೆನೆಸಿದರೆ ಗಾಢವಾಗುತ್ತದೆ. ಹನಿ ಹಾಕಿದ ಕಾಗದವನ್ನು ಕೂಡಲೇ ಮೂಸಿದರೆ ಸ್ಪಿರಿಟ್ಟಿನ ಘಾಟು ಬಿಟ್ಟು ಬೇರೇನೂ ಗೊತ್ತಾಗದು. ಅದು ಆರಲಿ, ಅಂಚಿನಲ್ಲಿ ಕೆಂಗಂದು ಗೆರೆ ಮೂಡಲಿ, ಆಮೇಲೆ ಮೂಸಿ.

ಒಂಟಿಯಾಗಿ ಇದು ತೆಳು, ಬೇಗ ಆರಿಹೋಗುತ್ತದೆ. ನಮ್ಮ ಕಡೆ ಕಪಾಟಿನ ಬಟ್ಟೆಗಳ ನಡುವೆ ಇಡುವ ಲಾವಂಚದ ಬೇರನ್ನು ಬೇರೆ ಬಾಟಲಿಯಲ್ಲಿ ಇದೇ ರೀತಿ ನೆನೆಸಿ, ಸ್ವಲ್ಪ ಸ್ವಲ್ಪವೇ ಬೆರೆಸಿ ನೋಡಿ. ಲಾವಂಚ ನೆಲ ಹಿಡಿಯುತ್ತದೆ, ರೂಯಿಬೋಸಿನ ಸಿಹಿ ಅದರ ಮೇಲೆ ಕೂರುತ್ತದೆ. ಮಲ್ಲಿಗೆಯ ಜೊತೆ ಬೇಡ, ಚಹಾ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ.

ಮೊದಲು ಮೊಣಕೈ ಒಳಗೆ ಒಂದು ಹನಿ ಹಚ್ಚಿ, ಒಂದು ದಿನ ಕಾದು, ತುರಿಸದಿದ್ದರೆ ಮುಂದುವರಿಸಿ. ಬಿಳಿ ಪಂಚೆಗೆ, ತಿಳಿಬಣ್ಣದ ಸೀರೆಗೆ ಹಾಕಬೇಡಿ, ಕಲೆ ಹೋಗದು. ಉಳಿದ ಎಲೆಯನ್ನು ಮಳೆಗಾಲ ಹಿಡಿಯುವ ಮೊದಲೇ ಬಿಗಿ ಮುಚ್ಚಳದ ಡಬ್ಬಿಗೆ ಸೇರಿಸಿ. ಶಿರಸಿಯ ಜುಲೈ ತಿಂಗಳಲ್ಲಿ ತೆರೆದಿಟ್ಟರೆ ಬೂಸ್ಟು ಬರುವುದು ಖಂಡಿತ.