ಪಂಜರದಿಂದ ಹಿತ್ತಿಲಿಗೆ: ಮೊಟ್ಟೆಕೋಳಿಗಳ ಎರಡನೆಯ ಬದುಕು ಬ್ರಿಟನ್ನಿನಲ್ಲಿ ಶುರುವಾದ ಬಗೆ

ಸುಮಾರು 18 ವಾರಕ್ಕೆ ಮೊಟ್ಟೆಯಿಡಲು ತೊಡಗುವ ಫಾರಂ ಕೋಳಿ 72 ವಾರ ದಾಟುವ ಹೊತ್ತಿಗೆ ಮಾಲೀಕರಿಗೆ ನಷ್ಟದ ಬಾಬ್ತಾಗುತ್ತದೆ. ಮೊಟ್ಟೆ ಕಡಿಮೆಯಾಗಿ, ಚಿಪ್ಪು ತೆಳುವಾಗಿ, ಮೇವಿನ ಖರ್ಚೂ ಗಿಟ್ಟದಂತಾದಾಗ ಇಡೀ ಶೆಡ್ಡಿನ ಕೋಳಿಗಳನ್ನು ಒಂದೇ ಸಲಕ್ಕೆ ಕಸಾಯಿಖಾನೆಗೆ ಸಾಗಿಸಿ ಹೊಸ ಹಿಂಡನ್ನು ತರಲಾಗುತ್ತದೆ. ಹೊರಹೋಗುವ ಹೇಂಟೆಗೆ ಇನ್ನೂ ಕೆಲವು ವರ್ಷ ಬದುಕುವ ಶಕ್ತಿ ಇರುತ್ತದೆ. ಆದರೆ ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಅದರ ಮಾಂಸಕ್ಕೆ ಬೆಲೆಯೇ ಇಲ್ಲವೆನ್ನುವಷ್ಟು ಕಡಿಮೆ.

ಈ ಸ್ಥಿತಿಯ ಬೇರು ತಳಿಯಲ್ಲೇ ಇದೆ. ಕೋಳಿಗಳ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆಯಿಟ್ಟರೆ ಹೆಚ್ಚು. ಇಂದಿನ ವಾಣಿಜ್ಯ ತಳಿ ಸುಮಾರು 300 ಇಡುತ್ತದೆ. ಪ್ರತಿ ಚಿಪ್ಪಿಗೂ ಎರಡು ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಬೇಕಾಗುವುದರಿಂದ, ಮೇವಿನಲ್ಲಿ ಸಾಲದ್ದನ್ನು ದೇಹ ತನ್ನ ಮೂಳೆಯಿಂದಲೇ ತೆಗೆಯುತ್ತದೆ. ಎದೆಮೂಳೆ ಮುರಿದುಕೊಂಡೇ ಬದುಕುವ ಹೇಂಟೆಗಳು ಬಹಳ.

ಎರಡನೆಯ ಮಹಾಯುದ್ಧದ ನಂತರ ಬ್ಯಾಟರಿ ಪಂಜರಗಳು, ಅಂದರೆ ಸಾಲುಸಾಲಾಗಿ ಜೋಡಿಸಿದ ಇಕ್ಕಟ್ಟಾದ ತಂತಿಗೂಡುಗಳು, ವ್ಯಾಪಕವಾದವು. 1964ರಲ್ಲಿ ಬ್ರಿಟಿಷ್ ಲೇಖಕಿ ರೂತ್ ಹ್ಯಾರಿಸನ್ ತಮ್ಮ ಪುಸ್ತಕದಲ್ಲಿ ಈ ಪದ್ಧತಿಯನ್ನು ಬಯಲಿಗೆಳೆದಾಗ ಎದ್ದ ಜನಾಕ್ರೋಶಕ್ಕೆ ಮಣಿದು ಸರ್ಕಾರ ಸಾಕುಪ್ರಾಣಿಗಳ ಸ್ಥಿತಿಗತಿಯನ್ನು ಪರಿಶೀಲಿಸಲು ಬ್ರಾಂಬೆಲ್ ಸಮಿತಿಯನ್ನು ನೇಮಿಸಿತು. ಪ್ರಾಣಿಯು ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ನೇವರಿಸಿಕೊಳ್ಳಲು, ಕೈಕಾಲು ಚಾಚಲು ಜಾಗವಿರಬೇಕು ಎಂಬಷ್ಟನ್ನು ಸಮಿತಿ 1965ರಲ್ಲಿ ಹೇಳಿತು. ಆ ಮಾತು ಕಾನೂನಿನ ಬಲ ಪಡೆಯಲು ದಶಕಗಳೇ ಹಿಡಿದವು: 1999ರ ಐರೋಪ್ಯ ಒಕ್ಕೂಟದ ನಿರ್ದೇಶನದಂತೆ, ಕೋಳಿಯೊಂದಕ್ಕೆ 550 ಚದರ ಸೆಂ.ಮೀ. ಜಾಗ ಕೊಡುತ್ತಿದ್ದ, ಮೊಟ್ಟೆಯಿಡುವ ಗೂಡಾಗಲಿ ಕೂರುವ ಅಡ್ಡಕೋಲಾಗಲಿ ಇಲ್ಲದ ಬರಿಯ ಪಂಜರಗಳು 2012ರ ಜನವರಿ 1ರಿಂದ ನಿಷಿದ್ಧವಾದವು. ಭಾರತದ 2023ರ ನಿಯಮಗಳು ಕನಿಷ್ಠ ಮಿತಿಯಾಗಿ ಇರಿಸಿರುವುದು ಅದೇ 550 ಚದರ ಸೆಂ.ಮೀ. ಎಂಬುದನ್ನು ನಾವು ಗಮನಿಸಲೇಬೇಕು.

ಕಾನೂನು ಜಾರಿಗೆ ಕಾಯುತ್ತಿದ್ದ ಆ ಅವಧಿಯಲ್ಲೇ, 2005ರಲ್ಲಿ, ಡೆವನ್ ಪ್ರಾಂತ್ಯದ ಜೇನ್ ಹೋವರ್ತ್ ಬ್ಯಾಟರಿ ಹೆನ್ ವೆಲ್‌ಫೇರ್ ಟ್ರಸ್ಟ್ ಆರಂಭಿಸಿದರು. ರೈತರನ್ನು ಶತ್ರುಗಳೆಂದು ಕಾಣದೆ, ಶೆಡ್ ಖಾಲಿಯಾಗುವ ದಿನ ಅವರ ಒಪ್ಪಿಗೆಯಿಂದಲೇ ಕೋಳಿಗಳನ್ನು ಪಡೆದು, ಮೊದಲೇ ಹೆಸರು ಕೊಟ್ಟವರಿಗೆ ಹಂಚುವ ಕ್ರಮವನ್ನು ಅವರು ರೂಢಿಸಿದರು. ಈ ಕೆಲಸ ನಿಂತು ಬೆಳೆದದ್ದಕ್ಕೆ ಆ ನಿಲುವೇ ಕಾರಣವೆಂದು ನನ್ನ ನಂಬಿಕೆ. ರೈತ ಬಾಗಿಲು ಮುಚ್ಚಿದ್ದರೆ ಒಂದು ಕೋಳಿಯೂ ಹೊರಬರುತ್ತಿರಲಿಲ್ಲ. ಮುಂದೆ ಬ್ರಿಟಿಷ್ ಹೆನ್ ವೆಲ್‌ಫೇರ್ ಟ್ರಸ್ಟ್ ಎಂದು ಹೆಸರು ಬದಲಿಸಿಕೊಂಡ ಈ ಸಂಸ್ಥೆ ಇದುವರೆಗೆ 10 ಲಕ್ಷಕ್ಕೂ ಹೆಚ್ಚು ಕೋಳಿಗಳಿಗೆ ಮನೆ ಕಂಡುಕೊಟ್ಟಿದೆ.

ಮನೆಗೆ ಬಂದ ಹೇಂಟೆಯ ಪುಕ್ಕ ಅಲ್ಲಲ್ಲಿ ಉದುರಿ ಚರ್ಮ ಕಾಣುತ್ತಿರುತ್ತದೆ. ಬಿಳಚಿದ ಜುಟ್ಟು ಒಂದು ಬದಿಗೆ ಜೋತುಬಿದ್ದಿರುತ್ತದೆ. ಹುಲ್ಲಿನ ಮೇಲೆ ಬಿಟ್ಟರೆ ಕಾಲೆತ್ತಿ ಇಡಲು ಅನುಮಾನಿಸುತ್ತದೆ. ಕತ್ತಲಾದರೆ ಗೂಡು ಸೇರಬೇಕೆಂದು ಗೊತ್ತಿಲ್ಲದ್ದರಿಂದ ಮೊದಲ ಕೆಲವು ಸಂಜೆ ಎತ್ತಿಕೊಂಡೇ ಒಳಗೆ ಬಿಡಬೇಕು. ಮೂಳೆ ದುರ್ಬಲವಾಗಿರುವುದರಿಂದ ಅಡ್ಡಕೋಲನ್ನು ನೆಲಕ್ಕೆ ಹತ್ತಿರವಾಗಿಯೇ ಕಟ್ಟುವುದು ಒಳ್ಳೆಯದು. ಆದರೆ ಒಣಮಣ್ಣು ಸಿಕ್ಕಿದೊಡನೆ ಯಾರೂ ಕಲಿಸದಿದ್ದರೂ ಅದು ಹೊರಳುತ್ತದೆ, ರೆಕ್ಕೆಯೆತ್ತಿ ಮಣ್ಣನ್ನು ಪುಕ್ಕದೊಳಕ್ಕೆ ತೂರಿಕೊಳ್ಳುತ್ತದೆ. ಪಂಜರದಲ್ಲಿ ಬರಿಯ ತಂತಿಯ ಮೇಲೆ ಇಲ್ಲದ ಮಣ್ಣಿನಲ್ಲಿ ಹೊರಳಾಡುವ ಕೋಳಿಗಳನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಆ ಹಂಬಲ ಅಷ್ಟು ಆಳವಾದದ್ದು. ಕೆಲವು ತಿಂಗಳಲ್ಲಿ ಹೊಸ ಗರಿ ಮೂಡಿ ಜುಟ್ಟು ಕೆಂಪೇರುತ್ತದೆ.

ಸಾಕುವವರಿಗೆ ಕಟ್ಟುಪಾಡುಗಳೂ ಇವೆ. ಬ್ರಿಟನ್ನಿನಲ್ಲಿ ಸಾಮಾನ್ಯ ಅಡುಗೆಮನೆಯಲ್ಲಿ ಮಿಕ್ಕಿದ್ದನ್ನು ಕೋಳಿಗೆ ಹಾಕುವುದು ಕಾನೂನುಬಾಹಿರ. ಹಕ್ಕಿಜ್ವರ ಹಬ್ಬಿದ ಮೇಲೆ, 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದೇ ಕೋಳಿ ಸಾಕಿದರೂ ನೋಂದಣಿ ಕಡ್ಡಾಯವಾಗಿದೆ.

ಆರೈಕೆಯಿಂದ ತಳಿ ಬದಲಾಗುವುದಿಲ್ಲ. ಹಿತ್ತಿಲಿನಲ್ಲಿಯೂ ಅದೇ ದೇಹ ಮೊಟ್ಟೆ ಕಟ್ಟುತ್ತಲೇ ಇರುವುದರಿಂದ ಹೊಟ್ಟೆಯೊಳಗೆ ಮೊಟ್ಟೆಯ ಹಳದಿ ಭಾಗ ಸೋರಿ ಉಂಟಾಗುವ ಸೋಂಕು, ಅಂಡಾಶಯದ ಕ್ಯಾನ್ಸರ್ ಸಾಮಾನ್ಯ. ಕೆಲವು ಪಶುವೈದ್ಯರು ಡೆಸ್ಲೊರೆಲಿನ್ ಎಂಬ ಹಾರ್ಮೋನಿನ ಗುಳಿಗೆಯನ್ನು ಚರ್ಮದಡಿ ಇರಿಸಿ ಮೊಟ್ಟೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ. ದುಬಾರಿ ಚಿಕಿತ್ಸೆಯಾದರೂ ನರಳುವ ಹೇಂಟೆಗೆ ಅದು ದೊಡ್ಡ ಬಿಡುವು. ಈ ನಡುವೆ ತಳಿ ಕಂಪನಿಗಳು 72 ವಾರದ ಬದಲು 100 ವಾರದವರೆಗೆ, ಒಟ್ಟು 500 ಮೊಟ್ಟೆಗಳನ್ನು ಪಡೆಯುವ ಗುರಿ ಇಟ್ಟುಕೊಂಡಿವೆ. ಆ ಗುರಿ ರೂಢಿಯಾದರೆ ಹಿತ್ತಿಲಿಗೆ ಬರುವ ಹೇಂಟೆ ಇನ್ನಷ್ಟು ಮುಪ್ಪಾಗಿರುತ್ತದೆ, ಆರೈಕೆಗೆ ಸಿಗುವ ಕಾಲ ಇನ್ನಷ್ಟು ಕಿರಿದಾಗುತ್ತದೆ.