ಈಗಿನ ತೇಗದಲ್ಲಿ ಬಿಳಿ ಯಾಕೆ ಜಾಸ್ತಿ?

ಮನೆ ಕಟ್ಟಿಸುವವರು ಬಾಗಿಲ ಚೌಕಟ್ಟಿಗೆ ತೇಗ ತಂದ ದಿನ ಆಚಾರಿಯ ಬಾಯಲ್ಲಿ ಬರುವ ಮಾತು ಹೆಚ್ಚುಕಡಿಮೆ ಒಂದೇ. "ಬಿಳಿ ಜಾಸ್ತಿ ಇದೆ ಸಾರ್. ಹಳೇ ಸಾಗುವಾನಿ ಥರ ಅಲ್ಲ ಇದು." ನಮ್ಮ ಮನೆಯಲ್ಲೂ ಹಾಗೇ ಆಯಿತು. ಹಲಗೆಯ ಅಂಚಿನಲ್ಲಿದ್ದ ಮಾಸಲು ಪಟ್ಟಿಯನ್ನು ಆಚಾರಿ ಉಗುರಲ್ಲಿ ಕೆರೆದು ತೋರಿಸಿದರು. "ಇಲ್ಲಿಂದಲೇ ಕುಟ್ಟೆ ಹಿಡಿಯೋದು" ಅಂದರು. ಯಾಕೆ ಹೀಗೆ ಅಂತ ಕೇಳಿದೆ. "ಈಗ ಮರ ಬೇಗ ಬೇಗ ಬೆಳೆಸ್ತಾರೆ, ಅದಕ್ಕೇ ಗಟ್ಟಿ ಇರಲ್ಲ" ಅಂತ ಉತ್ತರ ಬಂತು.

ಅವರ ಮಾತು ಅರ್ಧ ಸರಿ. ಇನ್ನರ್ಧ ತಿಳಿಯಲು ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಬ್ರಿಟಿಷರಿಗೆ ತೇಗ ಮೊದಲು ಬೇಕಾದದ್ದು ಹಡಗಿಗೆ. ಯುದ್ಧನೌಕೆ ಕಟ್ಟಲು ಅವರ ದೇಶದಲ್ಲಿ ಓಕ್ ಮರ ಸಾಲದೆ ಹೋಯಿತು. ಉಪ್ಪುನೀರಲ್ಲಿ ಕೊಳೆಯದ, ಹುಳ ತಿನ್ನದ, ಬಿಸಿಲಿಗೆ ಸೊಟ್ಟಗಾಗದ ಮರ ಪಶ್ಚಿಮ ಘಟ್ಟದ ತಪ್ಪಲಲ್ಲಿ ಸಿಕ್ಕಿತು. ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದವರು ತೇಗದಲ್ಲೇ ಹಡಗು ಕಟ್ಟಿಕೊಟ್ಟರು. 1817ರಲ್ಲಿ ನೀರಿಗಿಳಿದ ಟ್ರಿಂಕೋಮಲಿ ಎಂಬ ನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಈಗಲೂ ತೇಲುತ್ತಿದೆ. 'ಹಳೇ ತೇಗ' ಅಂದರೆ ಏನು ಅಂತ ಕಣ್ಣಾರೆ ನೋಡಬೇಕಿದ್ದವರು ಅದನ್ನು ನೋಡಬಹುದು.

ಆ ಮರಗಳನ್ನು ಯಾರೂ ನೆಟ್ಟಿರಲಿಲ್ಲ. ಕಾಡಿನಲ್ಲಿ ತಾವಾಗಿ ಬೆಳೆದು, ನೂರು, ನೂರೈವತ್ತು ವರ್ಷ ನಿಂತ ಮರಗಳವು. ಕಡಿಯುವವರಿಗೆ ಮಾತ್ರ ಇದರ ಲೆಕ್ಕ ಇರಲಿಲ್ಲ. 1806ರಲ್ಲಿ ಕಂಪನಿ ಸರ್ಕಾರ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಮಲಬಾರು ಭಾಗದ ಕಾಡಿಗೆ ಕನ್ಸರ್ವೇಟರ್ ಮಾಡಿತು. ಹೆಸರಿಗೆ ಕಾಡು ಕಾಯುವ ಕೆಲಸ. ಅವನು ಮಾಡಿದ್ದು ತೇಗದ ಮೇಲೆ ಏಕಸ್ವಾಮ್ಯ. ಖಾಸಗಿ ಜಮೀನಿನ ಮರವೂ ಸರ್ಕಾರದ್ದೇ ಎಂಬಂತಾಯಿತು. ಜನ ರೇಗಿದರು, ವರ್ತಕರೂ ರೇಗಿದರು. ಕೊನೆಗೆ 1823ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ರದ್ದು ಮಾಡಿದ. ಕೆನರಾ ಜಿಲ್ಲೆಯಲ್ಲಿ ಕಲೆಕ್ಟರ್ ಆಗಿದ್ದವನಾದ್ದರಿಂದ ಈ ಕಡೆಯ ಜನರ ಗೋಳು ಅವನಿಗೆ ಹೊಸದಲ್ಲ. ಆದರೆ ಹಿಡಿತ ಬಿಟ್ಟ ಮೇಲೆ ಕೊಡಲಿಯ ಸದ್ದು ಇನ್ನೂ ಹೆಚ್ಚಿತು. ದೊಡ್ಡ ಮರಗಳು ಮುಗಿಯುತ್ತಾ ಬಂದವು.

ಆಗ ಹುಟ್ಟಿದ್ದು ತೇಗ ನೆಟ್ಟು ಬೆಳೆಸುವ ಯೋಚನೆ. ಮಲಬಾರಿನ ಕಲೆಕ್ಟರ್ ಕನೋಲಿ 1840ರ ದಶಕದಲ್ಲಿ ನಿಲಂಬೂರಿನಲ್ಲಿ ಇದನ್ನು ಶುರು ಮಾಡಿದ. ನಿಜವಾಗಿ ಮಣ್ಣಲ್ಲಿ ಕೈ ಹಾಕಿ ದುಡಿದವರು ಅವನ ಕೈಕೆಳಗಿದ್ದ ಚಾತು ಮೆನನ್. ತೇಗದ ಬೀಜದ ಓಡು ಬಲು ಗಟ್ಟಿ. ಮೊದಮೊದಲು ಮೊಳಕೆಯೇ ಬರಲಿಲ್ಲ. ಹಲವು ಬಗೆಯಲ್ಲಿ ಪ್ರಯತ್ನಪಟ್ಟು ಕೊನೆಗೆ ಗೆದ್ದರು. ಆ ಕಾಲದ ತೋಪಿನ ಒಂದು ತುಂಡನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ, ಕನೋಲಿಯ ಹೆಸರಲ್ಲಿ. ಮೆನನ್ ಹೆಸರನ್ನೂ ಸೇರಿಸಿದ್ದರೆ ಚೆನ್ನಾಗಿತ್ತು.

ಬರ್ಮಾದಲ್ಲಿ ಬೇರೆ ದಾರಿ ಹಿಡಿದರು. 1856ರಲ್ಲಿ ಅಲ್ಲಿಗೆ ಹೋದ ಡೀಟ್ರಿಚ್ ಬ್ರಾಂಡಿಸ್ ಎಂಬ ಜರ್ಮನ್, ಕಾಡಿನಲ್ಲಿ ಸಾಲು ಹಿಡಿದು ನಡೆದು ಮರಗಳ ಲೆಕ್ಕ ತೆಗೆದ. ಇಂತಿಷ್ಟು ಸುತ್ತಳತೆ ದಾಟಿದ ಮರ ಮಾತ್ರ ಕಡಿಯಬೇಕು, ಉಳಿದವು ಬೆಳೆಯಲಿ ಎಂಬ ಕಟ್ಟಳೆ ತಂದ. ಕಡಿಯುವ ಮರದ ಬುಡಕ್ಕೆ ಸುತ್ತಲೂ, ಚೇಗು ಅಂದರೆ ಒಳಗಿನ ಬಲಿತ ಮರ ಮುಟ್ಟುವ ತನಕ ಗಾಯ ಮಾಡಿ ಎರಡು ಮೂರು ವರ್ಷ ಹಾಗೇ ನಿಲ್ಲಿಸುವುದು ಅಲ್ಲಿನ ಕ್ರಮ. ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ. ನಿಂತಲ್ಲೇ ಒಣಗಿದರೆ ಹೊಳೆಯಲ್ಲಿ ತೇಲಿಸಿಕೊಂಡು ಹೋಗಬಹುದು. ನಿಧಾನವಾಗಿ ಒಣಗುವುದರಿಂದ ಮರ ಸೀಳುವುದೂ ಕಡಿಮೆ. 'ಬರ್ಮಾ ತೇಗ' ಎಂಬ ಹೆಸರಿಗೆ ಅಂಟಿದ ಮರ್ಯಾದೆಯಲ್ಲಿ ಅಲ್ಲಿನ ಮಣ್ಣಿನ ಪಾಲೆಷ್ಟೋ, ಈ ಕಾಯುವಿಕೆಯ ಪಾಲೂ ಅಷ್ಟೇ ಇದೆ ಅನ್ನೋದು ನನ್ನ ಅನಿಸಿಕೆ.

ಈಗ ಆಚಾರಿ ಹೇಳಿದ ಮಾತಿಗೆ ಬರೋಣ. ಬೇಗ ಬೆಳೆದರೆ ಗಟ್ಟಿ ಇರಲ್ಲವಾ?

ತೇಗದ ದಿಮ್ಮಿಯನ್ನು ಅಡ್ಡ ಕೊಯ್ದರೆ ವರ್ಷಕ್ಕೊಂದರಂತೆ ಉಂಗುರಗಳು ಕಾಣುತ್ತವೆ. ಬೇಸಿಗೆಯಲ್ಲಿ ಎಲೆ ಉದುರಿಸಿದ ಮರ ಚಿಗುರುವ ಹೊತ್ತಿಗೆ ಮೊದಲು ದೊಡ್ಡ ದೊಡ್ಡ ರಂಧ್ರಗಳ ಸಾಲೊಂದನ್ನು ಕಟ್ಟುತ್ತದೆ. ನೀರು ಎಳೆಯುವ ಕೊಳವೆಗಳವು. ಆಮೇಲೆ ಉಳಿದ ಮಳೆಗಾಲದಲ್ಲಿ ಒತ್ತಾದ, ಗಟ್ಟಿಯಾದ ಭಾಗ ಬರುತ್ತದೆ. ರಂಧ್ರದ ಸಾಲಿನ ಅಗಲ ವರ್ಷ ವರ್ಷಕ್ಕೆ ಅಷ್ಟೇನೂ ಬದಲಾಗದು. ಮರ ಚೆನ್ನಾಗಿ ಬೆಳೆದ ವರ್ಷ ಹಿಗ್ಗುವುದು ಮುಖ್ಯವಾಗಿ ಗಟ್ಟಿ ಭಾಗ. ಹಾಗಾಗಿ ಹೊಟ್ಟೆಗಿಲ್ಲದೆ ಸೊರಗಿ ಬೆಳೆದ ತೇಗದಲ್ಲಿ ಉಂಗುರ ತೆಳು, ರಂಧ್ರವೇ ಜಾಸ್ತಿ. ಅದೇನೂ ಒಳ್ಳೆ ಮರವಲ್ಲ. ಪೈನ್ ಜಾತಿಯ ಮರಗಳ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಬೇಗ ಬೆಳೆದದ್ದು ನಿಜಕ್ಕೂ ಹಗುರ. ಅಲ್ಲಿಯ ಮಾತು ಇಲ್ಲಿಗೂ ಹಬ್ಬಿರಬೇಕು. ಕೇರಳದ ಪೀಚಿಯ ಅರಣ್ಯ ಸಂಶೋಧನಾ ಸಂಸ್ಥೆಯವರು ಪರೀಕ್ಷೆ ಮಾಡಿದಾಗಲೂ ಬೇಗ ಬೆಳೆದ ತೇಗ ಬಲದಲ್ಲಿ ಹೇಳಿಕೊಳ್ಳುವಷ್ಟು ಹಿಂದೆ ಬಿದ್ದಿರಲಿಲ್ಲ.

ಹಾಗಾದರೆ ತಪ್ಪಿದ್ದೆಲ್ಲಿ? ವಯಸ್ಸಿನಲ್ಲಿ.

ಮರದ ಹೊರಗಿನ ಬಿಳಿ ಭಾಗ ಇನ್ನೂ ಜೀವ ಇರುವ ಭಾಗ. ನೀರು ಸಾಗಿಸುತ್ತದೆ, ಪಿಷ್ಟ ಕೂಡಿಡುತ್ತದೆ. ಕುಟ್ಟೆ ಹುಳಕ್ಕೆ ಬೇಕಾದದ್ದು ಆ ಪಿಷ್ಟವೇ. ಒಳಗಿನ ಪದರಗಳು ಒಂದೊಂದಾಗಿ ಕೆಲಸ ನಿಲ್ಲಿಸುತ್ತಾ ಹೋದ ಹಾಗೆ ಮರ ಅಲ್ಲಿ ಎಣ್ಣೆ, ಬಣ್ಣ, ಗೆದ್ದಲಿಗೆ ಒಗ್ಗದ ರಸಗಳನ್ನು ತುಂಬುತ್ತದೆ. ಅದೇ ಚೇಗು. ಲೆಕ್ಕ ಹಾಕಿ ನೋಡಿ. 8 ಇಂಚು ದಪ್ಪದ ದಿಮ್ಮಿಯಲ್ಲಿ ಸುತ್ತ ಒಂದಿಂಚು ಬಿಳಿ ಇದ್ದರೆ ಚೇಗು ಸಿಗುವುದು ನೂರಕ್ಕೆ 56 ಪಾಲು. ಅದೇ ಒಂದಿಂಚು ಬಿಳಿ 24 ಇಂಚಿನ ದಿಮ್ಮಿಯಲ್ಲಿದ್ದರೆ ಚೇಗು 84 ಪಾಲು. ಜೊತೆಗೆ ತೇಗ ಮೊದಲ 20-25 ವರ್ಷ ಕಟ್ಟುವ ಮರ ಇನ್ನೂ ಎಳಸು. ಹದಿನೈದು ವರ್ಷಕ್ಕೇ ಕಡಿದರೆ ಕೈಗೆ ಬರುವುದು ಪೂರ್ತಿ ಆ ಎಳೆ ಮರವೇ. ನೆಲದ ಪಾಲೂ ಇದೆ. ಮಳೆ ಜಾಸ್ತಿ ಇರುವ ಕಡೆ ಹಿತ್ತಲು ತೋಟದಲ್ಲಿ ಬೆಳೆದ ತೇಗದ ಬಣ್ಣ ಪೇಲವ, ಕೊಳೆಯುವುದೂ ಬೇಗ. ತೇಗಕ್ಕೆ ವರ್ಷದಲ್ಲಿ ಮೂರು ನಾಲ್ಕು ತಿಂಗಳಾದರೂ ಒಣ ಹವೆ ಬೇಕು. ಅಡಿಕೆಯ ಜೊತೆ ಅದಕ್ಕೂ ಹನಿ ನೀರಾವರಿ ಕೊಟ್ಟು ಖುಷಿಪಡುವವರು ಇದನ್ನೂ ಸ್ವಲ್ಪ ಯೋಚಿಸಬೇಕು.

ಇನ್ನೊಂದು ವಿಷಯ ಅಂತರ. ತೇಗವನ್ನು ಒತ್ತಾಗಿ ನೆಡುತ್ತಾರೆ, ಎರಡು ಮೀಟರಿಗೊಂದು. ಹೆಕ್ಟೇರಿಗೆ 2500 ಗಿಡ. ಒತ್ತಾಗಿದ್ದರೆ ಗಿಡ ಬೆಳಕಿಗಾಗಿ ನೆಟ್ಟಗೆ ಮೇಲೇರುತ್ತದೆ, ಕೆಳಗಿನ ಕೊಂಬೆ ತಾವಾಗಿ ಉದುರುತ್ತವೆ, ಹಲಗೆಯಲ್ಲಿ ಗಂಟು ಬರುವುದಿಲ್ಲ. ಆದರೆ ಹಾಗೇ ಬಿಟ್ಟರೆ ಎಲ್ಲವೂ ಬಡಕಲು. ಅದಕ್ಕೇ ನಾಲ್ಕೈದು ವರ್ಷಕ್ಕೊಮ್ಮೆ, ಆಮೇಲೆ ಇನ್ನೂ ನಿಧಾನವಾಗಿ, ಮರ ಆರಿಸಿ ಕಡಿಯುತ್ತಾ ಹೋಗಬೇಕು. ಇಲಾಖೆಯವರ ಬಾಯಲ್ಲಿ ಇದು ಥಿನ್ನಿಂಗ್. 50-60 ವರ್ಷದ ಹೊತ್ತಿಗೆ ಹೆಕ್ಟೇರಿನಲ್ಲಿ ನೂರಿನ್ನೂರು ಮರ ಉಳಿದರೆ ಅದು ಒಳ್ಳೆಯ ತೋಪು. ತಡ ಮಾಡಿ ಒಮ್ಮೆಲೇ ಜಾಸ್ತಿ ಕಡಿದರೂ ಕಷ್ಟವೇ. ಇದ್ದಕ್ಕಿದ್ದಂತೆ ಬೆಳಕು ಬಿದ್ದು ಕಾಂಡದ ಮೈಯಿಂದಲೇ ಚಿಗುರೊಡೆಯುತ್ತದೆ. ಅಷ್ಟೂ ಗಂಟು.

ನಮ್ಮ ರೈತರ ತೋಟಗಳಲ್ಲಿ ಎಡವುವುದು ಇಲ್ಲೇ. ಕೈಯಾರೆ ನೆಟ್ಟ ಗಿಡ ಕಡಿಯಲು ಮನಸ್ಸು ಬರೋದಿಲ್ಲ. ನಮ್ಮ ಸಂಬಂಧಿಕರೊಬ್ಬರು ಬೇಲಿ ಸಾಲಿಗೆ ನೆಟ್ಟ ತೇಗ ಇಪ್ಪತ್ತೈದು ವರ್ಷವಾದರೂ ತೊಡೆ ಗಾತ್ರ ದಾಟಲಿಲ್ಲ. ಒಂದು ಬಿಟ್ಟು ಒಂದು ಕಡಿ ಅಂತ ಯಾರು ಹೇಳಿದರೂ ಕೇಳಲಿಲ್ಲ. ಖಾಸಗಿ ಜಮೀನಿನ ಮರ ಕಡಿಯಲು ಅನುಮತಿ, ಸಾಗಿಸಲು ಪಾಸು ಅಂತ ಓಡಾಡಬೇಕಾದ್ದೂ ಅದಕ್ಕೊಂದು ನೆವ.

1990ರ ದಶಕದಲ್ಲಿ ಈ ಕಾಯುವ ಕೆಲಸವನ್ನೇ ಮಾರಾಟಕ್ಕಿಟ್ಟರು. ತೇಗದ ಕಂಪನಿಗಳ ಜಾಹೀರಾತು ನೆನಪಿದೆಯಲ್ವಾ? ಇವತ್ತು ಸಾವಿರಗಟ್ಟಲೆ ಹಾಕಿ, ಇಪ್ಪತ್ತು ವರ್ಷಕ್ಕೆ ಲಕ್ಷಗಟ್ಟಲೆ ಪಡೆಯಿರಿ. ಎಳೆ ಮರಕ್ಕೆ ಬಲಿತ ಮರದ ಬೆಲೆ ಕಟ್ಟಿದ ಲೆಕ್ಕ ಅದು. ಎಷ್ಟೋ ಕಂಪನಿ ಮುಳುಗಿದವು, ಮಧ್ಯಮ ವರ್ಗದವರ ದುಡ್ಡೂ ಮುಳುಗಿತು. ಆಮೇಲೆ 1999ರಲ್ಲಿ ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ ಇಂಥ ಯೋಜನೆಗಳಿಗೆ ನಿಯಮ ತಂದಿತು.

ಇತ್ತ ಸರ್ಕಾರಿ ಕಾಡಿನ ಕಥೆಯೂ ತಿರುಗಿತ್ತು. ಸಹಜ ಕಾಡು ಬೋಳಿಸಿ ತೇಗ ಹಾಕುವ ಪದ್ಧತಿ ಉತ್ತರ ಕನ್ನಡದ ಜನರನ್ನು ರೊಚ್ಚಿಗೆಬ್ಬಿಸಿತ್ತು. ಮರ ಕಡಿಯುವುದರ ವಿರುದ್ಧ 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯವರು ಕಳಸೆ ಕಾಡಿಗೆ ಹೋಗಿ ಮರಗಳನ್ನು ತಬ್ಬಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. 1988ರ ಅರಣ್ಯ ನೀತಿ, ಕಾಡಿರುವುದು ಮೊದಲು ಪರಿಸರಕ್ಕೆ, ನಾಟಾಕ್ಕೆ ಆಮೇಲೆ ಎಂದಿತು. ಪೇಟೆಗೆ ಬೇಕಾದ ತೇಗ ಹೊರದೇಶಗಳಿಂದ ಬರತೊಡಗಿತು. 2014ರಲ್ಲಿ ಮ್ಯಾನ್ಮಾರ್ ದಿಮ್ಮಿ ರಫ್ತು ನಿಲ್ಲಿಸಿದ ಮೇಲೆ ಘಾನಾ, ಇಕ್ವೆಡಾರ್, ಪನಾಮಾ, ಕೋಸ್ಟರಿಕಾಗಳ ಮರವೇ ಹೆಚ್ಚು. ಅಲ್ಲಿಯ ತೋಪುಗಳಲ್ಲಿ ಇಪ್ಪತ್ತರ ಆಸುಪಾಸಿಗೆ ಮರ ಕಡಿಯುತ್ತಾರೆ. ದಿಮ್ಮಿ ಸಣ್ಣ. ನಮ್ಮ ಆಚಾರಿ ಉಗುರಲ್ಲಿ ಕೆರೆದ ಬಿಳಿಯೂ ಅಲ್ಲಿಂದಲೇ ಬಂದಿರಬಹುದು.

ಇಲ್ಲಿ ನಾಗರಹೊಳೆಯಂಥ ಕಡೆ ಹಿಂದಿನವರು ನೆಟ್ಟ ತೇಗದ ತೋಪುಗಳು ಈಗ ರಾಷ್ಟ್ರೀಯ ಉದ್ಯಾನದೊಳಗಿವೆ. ಸುಪ್ರೀಂ ಕೋರ್ಟ್ 2000ದಲ್ಲಿ ಕೊಟ್ಟ ಆದೇಶದಿಂದಾಗಿ ಅಲ್ಲಿ ಒಣಗಿದ ಮರವನ್ನೂ ತೆಗೆಯುವಂತಿಲ್ಲ. ಥಿನ್ನಿಂಗ್ ಮಾತೇ ಇಲ್ಲ. ಹಡಗಿಗೂ ಬಾಗಿಲಿಗೂ ಅಂತ ನೆಟ್ಟ ಮರಗಳು ಸಾಲು ತಪ್ಪದೆ, ಒತ್ತೊತ್ತಾಗಿ, ಬಡಕಲಾಗಿ ನಿಂತಿವೆ. ಆನೆಗಳು ಬಂದು ಕೊಂಬಿನಿಂದ ತೊಗಟೆ ಸುಲಿದು ತಿಂದು ಹೋಗುತ್ತವೆ. ಒಳಗೆ ಚೇಗು ಎಷ್ಟಿದೆ ಅಂತ ಅವು ನೋಡುವುದಿಲ್ಲ.