‘ವಾಲ್ವ್ ಇರೋದೇ ಬೇಕಾ ಸರ?’ – ಬೇಸ್ ಆಂಪ್ ಕೊಳ್ಳುವವರಿಗೆ ಇನ್ನೊಂದು ಸಲ

ಪ್ರಶ್ನೆ: ಸರ, ನಾ ಚರ್ಚಿನ್ಯಾಗ ಮತ್ತ ಸಣ್ಣ ರಸಮಂಜರಿ ಕಾರ್ಯಕ್ರಮದಾಗ ಬೇಸ್ ಗಿಟಾರ್ ಬಾರಸ್ತೀನ್ರಿ. ಇಪ್ಪತ್ತೈದು ಸಾವಿರದೊಳಗ ವಾರ್ಮ್ ಸೌಂಡ್ ಬರೋ ಆಂಪ್ ಯಾವ್ದು ತಗೊಳ್ಲಿ? ವಾಲ್ವ್ ಇರೋದೇ ತಗೋಬೇಕು ಅಂತಾರ, ಖರೇನ್ರಿ?

ಈ ಪ್ರಶ್ನೆ ಹುಮನಾಬಾದಿನಿಂದ ಬರುತ್ತದೆ, ಶಹಾಬಾದಿನಿಂದ ಬರುತ್ತದೆ, ಯಾದಗಿರಿಯಿಂದ ಬರುತ್ತದೆ, ನಮ್ಮ ಓಣಿಯಿಂದಲೂ ಬರುತ್ತದೆ. ಫೋನಿನಲ್ಲಿ ಹೇಳಿದೆ, ಚಹಾದ ಅಂಗಡಿಯಲ್ಲಿ ಹೇಳಿದೆ, ಒಮ್ಮೆ ಮದುವೆ ಪಂಕ್ತಿಯಲ್ಲಿ ಎಲೆಯ ಮೇಲಿನ ಭಜಿ ತಣ್ಣಗಾಗುವ ತನಕ ಹೇಳಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸಿಬಿಡುತ್ತೇನೆ. ಗೊತ್ತಿಲ್ಲದವರಿಗೆ: ಆಂಪ್ ಅಂದರೆ ಗಿಟಾರಿನ ದನಿ ದೊಡ್ಡದು ಮಾಡುವ ಪೆಟ್ಟಿಗೆ; ವಾಲ್ವ್ ಅಂದರೆ ಟ್ರಾನ್ಸಿಸ್ಟರ್ ಬರುವ ಮೊದಲು ಆ ಕೆಲಸ ಮಾಡುತ್ತಿದ್ದ, ಕಾದು ಹೊಳೆಯುವ ಗಾಜಿನ ಬುಡ್ಡಿ.

ಯಾವುದು ತಗೋಬೇಕು ಅನ್ನುವುದಕ್ಕೆ ಉತ್ತರ ಸಣ್ಣದು. ಹತ್ತು ಇಲ್ಲವೇ ಹನ್ನೆರಡು ಇಂಚಿನ ಸ್ಪೀಕರ್, ಆರ್‌ಎಂಎಸ್ ಲೆಕ್ಕದಲ್ಲಿ (ಸತತವಾಗಿ ಕೊಡುವ ತಾಕತ್ತಿನ ಅಳತೆ) 40ರಿಂದ 100 ವ್ಯಾಟ್, ಬೇಸ್ ಮತ್ತು ಟ್ರೆಬಲ್ ಜತೆಗೆ ಮಿಡ್‌ಗೂ (ನಡುವಿನ ಸ್ವರಕ್ಕೂ) ಬೇರೆ ನಾಬ್, ಹಿಂದೆ ಮಿಕ್ಸರಿಗೆ ಲೈನ್ ಕೊಡಲು ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕಿಂಡಿ. ಒಂದೇ ಕೈಯಲ್ಲಿ ಎತ್ತುವಂತಿರಬೇಕು. ಉದಾಹರಣೆಗೆ ಫೆಂಡರ್ ರಂಬಲ್ 40ಕ್ಕೆ ಹತ್ತು ಇಂಚಿನ ಸ್ಪೀಕರ್ ಇದೆ, ಲೈನ್ ಔಟ್ ಇದೆ, ತೂಕ ಸುಮಾರು ಎಂಟು ಕಿಲೋ. ಅದೇ ಸಾಲಿನ ರಂಬಲ್ 25 ಅಗ್ಗ, ಆದರೆ ಎಂಟು ಇಂಚಿನ ಸ್ಪೀಕರ್, ಎಕ್ಸ್‌ಎಲ್‌ಆರ್ ಇಲ್ಲ. ಅದು ಮನೆಗೆ ಸರಿ, ಮಂಟಪಕ್ಕಲ್ಲ. ಜತೆಗೆ ಪೂರ್ತಿ ಡ್ರಮ್ ಸೆಟ್ ಇದ್ದರೆ 100 ವ್ಯಾಟಿನ ಹನ್ನೆರಡು ಇಂಚಿನದು ನೋಡಿ. ಢೋಲಕ್, ಪ್ಯಾಡ್, ಕೀಬೋರ್ಡ್ ಅಷ್ಟೇ ಆದರೆ 40 ಸಾಕು. ಹೊಸದಕ್ಕೆ ರೊಕ್ಕ ಸಾಲದಿದ್ದರೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಿ ಕೈ ಬದಲಿಸಿದ ಮಾಲನ್ನು ಬಾರಿಸಿ ನೋಡಿ ತನ್ನಿ. ಫೋಟೋ ನೋಡಿ ತರಿಸಬೇಡಿ.

ಇಷ್ಟು ಹೇಳಿದ ಮೇಲೆ ಫೋನ್ ಇಡಬೇಕಲ್ಲ? ಇಡುವುದಿಲ್ಲ. ‘ಆದ್ರ ಸರ, ಇದರಾಗ ವಾಲ್ವ್ ಇಲ್ಲಲ್ರಿ’ ಅಂತ ಮತ್ತೆ ಶುರು.

ವಾಲ್ವ್ ಇದ್ದರೇ ಬೆಚ್ಚನೆಯ ದನಿ, ಟ್ರಾನ್ಸಿಸ್ಟರ್ ಅಂದರೆ ಒಣ ದನಿ ಎಂಬ ಈ ನಂಬಿಕೆ ಎಷ್ಟು ಗಟ್ಟಿ ಅಂದರೆ, ಬೇಸ್ ಗಿಟಾರ್ ಹಿಡಿದು ಆರು ತಿಂಗಳಾಗದ ಹುಡುಗನೂ ಇದನ್ನು ಅಜ್ಜನಿಂದ ಕೇಳಿದವನ ಹಾಗೆ ಹೇಳುತ್ತಾನೆ. ಅಜ್ಜನಿಂದಲೇ ಕೇಳಿರಲೂಬಹುದು. ಹಳೇ ರೇಡಿಯೊದ ದನಿ ಎಷ್ಟು ಛಲೋ ಇತ್ತು ಅಂತ ನಮ್ಮಲ್ಲಿ ಮನೆಗೊಬ್ಬರು ಹೇಳುವವರಿದ್ದಾರೆ. ಹಾಗಾದರೆ ಅಲ್ಲಿಂದಲೇ ಹಿಡಿಯೋಣ.

ನಮ್ಮ ಮನೆಯಲ್ಲೂ ಅಪ್ಪನ ಕಾಲದ ವಾಲ್ವ್ ರೇಡಿಯೊ ಇತ್ತು. ಕಟ್ಟಿಗೆಯ ಪೆಟ್ಟಿಗೆ, ಮುಂದೆ ಬಟ್ಟೆ, ಒಳಗೆ ಊಟದ ತಾಟಿನಷ್ಟು ಸ್ಪೀಕರ್. 1966ರಲ್ಲಿ ಕಲಬುರಗಿಗೆ ಆಕಾಶವಾಣಿ ಬಂದಾಗಿನಿಂದ ಅದರ ಕಿವಿ ಒಂದೇ ಕಡೆ ತಿರುಗಿಕೊಂಡಿತ್ತು. ಮುಂದೊಂದು ದಿನ ವಾಲ್ವ್ ಸತ್ತವು, ಎಲ್ಲಿ ಹುಡುಕಿದರೂ ಸಿಗಲಿಲ್ಲ. ನಾನು ಆಗಷ್ಟೇ ಬೆಸುಗೆ ಕಲಿತಿದ್ದೆ. ಒಳಗಿನ ಚಾಸಿಯನ್ನೇ ಕಿತ್ತು ಒಂದು ಟ್ರಾನ್ಸಿಸ್ಟರ್ ರೇಡಿಯೊದ ಬೋರ್ಡು ಕೂರಿಸಿದೆ, ಅದರ ಮುಂದೆ ಟಿಬಿಎ 810 ಐಸಿಯ ಪುಟ್ಟ ಆಂಪ್ಲಿಫೈಯರ್ ಜೋಡಿಸಿದೆ. ಆ ಕಾಲದಲ್ಲಿ ಬೆಸುಗೆ ಹಿಡಿದ ಹುಡುಗರೆಲ್ಲ ಕಟ್ಟಿದ ಐಸಿ ಅದು. ಸ್ಪೀಕರ್ ಅದೇ, ಪೆಟ್ಟಿಗೆ ಅದೇ. ಅವ್ವ ಸಂಜೆ ರೇಡಿಯೊ ಹಚ್ಚಿ, ‘ಈಗ ನೋಡು, ಮೊದಲಿನಂಗೇ ಮಾತಾಡ್ಲಿಕತ್ತದ’ ಅಂದಳು. ಅಪ್ಪನೂ ಹ್ಞೂಂ ಅಂದ. ವಾಲ್ವ್ ಒಂದೂ ಇಲ್ಲ ಅಂತ ನಾನು ಅವರಿಗೆ ಇವತ್ತಿನವರೆಗೆ ಹೇಳಿಲ್ಲ.

ಇದರಲ್ಲಿ ಪವಾಡವೇನಿಲ್ಲ. ಮೀಡಿಯಂ ವೇವ್‌ನಲ್ಲಿ ಒಂದು ಕೇಂದ್ರಕ್ಕೂ ಪಕ್ಕದ ಕೇಂದ್ರಕ್ಕೂ ನಡುವೆ 9 ಕಿಲೋಹರ್ಟ್ಜ್ ಜಾಗ. ಹಾಗಾಗಿ ಸುಮಾರು ನಾಲ್ಕೂವರೆ ಕಿಲೋಹರ್ಟ್ಜ್ ಮೇಲಿನ ಚುರುಚುರು ಸದ್ದು ಆ ರೇಡಿಯೊಗಳಿಂದ ಹೊರಗೆ ಬರುವುದೇ ಕಷ್ಟ. ಅಳಿದುಳಿದದ್ದನ್ನು ದೊಡ್ಡ ಕಾಗದದ ಕೋನು ನುಂಗುತ್ತದೆ. ನಡುವಿನ ಸ್ವರಗಳಿಗೆ ಕಟ್ಟಿಗೆಯ ಪೆಟ್ಟಿಗೆ ತಾನೂ ದನಿಗೂಡಿಸುತ್ತದೆ. ಮೇಲಿನದು ಇಲ್ಲದೆ ನಡುವಿನದು ತುಂಬಿಕೊಂಡಾಗ ಕಿವಿ ಅದನ್ನು ‘ಬೆಚ್ಚಗಿದೆ’ ಅನ್ನುತ್ತದೆ. ಆ ದನಿಯನ್ನು ಮಾಡಿದ್ದು ಸ್ಪೀಕರು, ಪೆಟ್ಟಿಗೆ ಮತ್ತು ಕತ್ತರಿ ಬಿದ್ದ ಟ್ರೆಬಲ್. ಹೆಸರು ಮಾತ್ರ ವಾಲ್ವಿಗೆ ಹೋಯಿತು. ಹಿಂದೆ ಕೆಂಪಗೆ ಹೊಳೆಯುತ್ತಿದ್ದದ್ದು ಅದೊಂದೇ ಅಲ್ಲವೆ!

ವಾಲ್ವ್ ಏನೂ ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಅದರ ಗುಣ ಗೊತ್ತಾಗುವುದು ತಾಕತ್ತು ಮೀರಿ ದುಡಿಸಿದಾಗ. ಟ್ರಾನ್ಸಿಸ್ಟರಿನ ಮಿತಿ ದಾಟಿದರೆ ಅಲೆಯ ತಲೆಯನ್ನು ಕುಡುಗೋಲಿನಿಂದ ಕೊಯ್ದಂತೆ ಕೊಯ್ಯುತ್ತದೆ, ಕಿವಿಗೆ ಚುಚ್ಚುತ್ತದೆ. ವಾಲ್ವ್ ಅದೇ ತಲೆಯನ್ನು ಮೆಲ್ಲಗೆ ಒತ್ತಿ ದುಂಡಗೆ ಮಾಡುತ್ತದೆ. ಆದರೆ ನೀವು ಚರ್ಚಿನಲ್ಲಿ ಕೀರ್ತನೆಗೆ ಬಾರಿಸುವಾಗ ಆಂಪನ್ನು ಮಿತಿ ದಾಟಿಸುತ್ತೀರೇನು? ಪಾದ್ರಿಯವರು ಬಿಡುತ್ತಾರೇನು? ಮಿತಿಯೊಳಗೆ ಬಾರಿಸುವ ತನಕ ಎರಡರ ನಡುವಿನ ಅಂತರ ಒಂದು ನಾಬನ್ನು ಕೂದಲೆಳೆಯಷ್ಟು ತಿರುಗಿಸಿದಷ್ಟೇ.

‘ವಾಲ್ವಿನಿಂದ ಸಮ ಹಾರ್ಮೋನಿಕ್ ಬರ್ತಾವ, ಅದಕ್ಕ ಇಂಪು’ ಎಂಬ ಇನ್ನೊಂದು ಮಾತಿದೆ. ಮೂಲ ಸ್ವರದ ಎರಡು, ನಾಲ್ಕು, ಆರು ಪಟ್ಟಿನ ಕಂಪನಗಳೇ ಈ ಸಮ ಹಾರ್ಮೋನಿಕ್. ಪ್ರೀಆಂಪಿನಲ್ಲಿ, ಅಂದರೆ ಆಂಪಿನ ಮೊದಲ ಹಂತದಲ್ಲಿ, ಅದು ಸ್ವಲ್ಪ ಹೌದು. ಆದರೆ ದೊಡ್ಡ ವಾಲ್ವ್ ಬೇಸ್ ಆಂಪುಗಳ ಔಟ್‌ಪುಟ್ ಭಾಗ ಪುಶ್-ಪುಲ್. ಎರಡು ಕಡೆಯಿಂದ ಗರಗಸ ಎಳೆದಂತೆ ಕೆಲಸ ಮಾಡುವ ಆ ಜೋಡಣೆಯಲ್ಲಿ ಸಮ ಹಾರ್ಮೋನಿಕ್‌ಗಳು ಒಂದನ್ನೊಂದು ಬಹುಪಾಲು ಅಳಿಸಿಹಾಕುತ್ತವೆ. ವಾಲ್ವಿನ ಪುರಾಣ ಹೇಳುವವರು ಈ ಅಧ್ಯಾಯ ಮಾತ್ರ ಹಾರಿಸುತ್ತಾರೆ.

ಇತಿಹಾಸದಲ್ಲೂ ಒಂದು ತಮಾಷೆ ಇದೆ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತಂದ, ಮರುವರ್ಷ ಅದಕ್ಕೆಂದೇ ಬಾಸ್‌ಮನ್ ಎಂಬ ವಾಲ್ವ್ ಆಂಪ್ ತಂದ. ಆ ಆಂಪಿಗೆ ಮರುಳಾದವರು ಗಿಟಾರಿನವರು. ಜೋರು ಮಾಡಿದರೆ ಅದು ಒಡೆದ ದನಿ ಕೊಡುತ್ತಿತ್ತು, ಅವರಿಗೆ ಬೇಕಾದದ್ದೇ ಅದು. ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ತನ್ನ ಮೊದಲ ಆಂಪನ್ನು ಕಟ್ಟಿದ್ದು ಬಾಸ್‌ಮನ್ ಸರ್ಕಿಟ್ ನೋಡಿಕೊಂಡೇ. ಬೇಸಿನವರಿಗೆ ಒಡೆಯದ ದನಿ ಬೇಕಿತ್ತು. ಅದಕ್ಕಾಗಿ 1969ರಲ್ಲಿ ಆಂಪೆಗ್ ಕಂಪನಿ ಎಸ್‌ವಿಟಿ ಮಾಡಿತು: 300 ವ್ಯಾಟ್, ಹತ್ತು ಇಂಚಿನ ಎಂಟು ಸ್ಪೀಕರುಗಳ ಕಪಾಟು, ಹೊರಲು ಇಬ್ಬರು ಗಟ್ಟಿ ಆಳು. ಅದನ್ನು ಮಾಡಿದ್ದು ರೋಲಿಂಗ್ ಸ್ಟೋನ್ಸ್‌ನವರು ತುಂಬಿಸುವಂಥ ಮೈದಾನಗಳಿಗೆ. ಬೀದರ–ಕಲಬುರಗಿ ರೈಲಿನ ಜನರಲ್ ಡಬ್ಬಿಗೆ ಅಲ್ಲ.

ನಮ್ಮಲ್ಲಿ ವಾಲ್ವಿಗೆ ಬೇರೆ ಕಷ್ಟಗಳೂ ಇವೆ. ಹಳ್ಳಿ ಕಾರ್ಯಕ್ರಮದಲ್ಲಿ ವೋಲ್ಟೇಜ್ ಇಳಿದರೆ ಫಿಲಮೆಂಟ್ ಸರಿಯಾಗಿ ಕಾಯುವುದಿಲ್ಲ, ಜನರೇಟರ್ ಜಿಗಿದರೆ ಜೀವವೇ ಹೋಗುತ್ತದೆ. ಮೇ ತಿಂಗಳಲ್ಲಿ ತಗಡಿನ ಪತ್ರೆಯ ಕೆಳಗೆ ಕೂತು ಬಾರಿಸುವವನಿಗೆ ಪಕ್ಕದಲ್ಲಿ ಇನ್ನೊಂದು ಒಲೆ ಯಾಕೆ? ಬ್ಯಾಸಗಿ ಸಾಲದೇ?

ಇನ್ನು ಅಗ್ಗದ ‘ವಾಲ್ವ್ ಆಂಪ್’. ಒಬ್ಬ ಹುಡುಗ ಸಂಭ್ರಮದಿಂದ ಒಂದನ್ನು ಹೊತ್ತು ತಂದ. ಮುಂದಿನ ಜಾಲರಿಯೊಳಗೆ ಕೇಸರಿ ಬೆಳಕು. ‘ನೋಡ್ರಿ ಸರ, ಹೆಂಗ ಹೊಳೀತದ!’ ಗುರ್ ಅನ್ನುತ್ತಿದ್ದ ಕಾರಣ ಬಿಚ್ಚಬೇಕಾಯಿತು. ಒಳಗೆ ಒಂದು ಪುಟ್ಟ ವಾಲ್ವ್, ಅದರ ಬುಡದಲ್ಲಿ ಒಂದು ಎಲ್‌ಇಡಿ. ವಾಲ್ವನ್ನು ಕಿತ್ತು ಮೇಜಿನ ಮೇಲೆ ಇಟ್ಟೆ. ಬೆಳಕು ಹಾಗೇ ಹೊಳೆಯುತ್ತಿತ್ತು. ಹುಡುಗನ ಮುಖ ಮಾತ್ರ ಆರಿತು. ಪಾಪ, ಆ ಬೆಳಕಿಗೆ ಅವನು ಆರು ಸಾವಿರ ಹೆಚ್ಚು ಕೊಟ್ಟಿದ್ದ.

ಹಾಗಾದರೆ ಬೆಚ್ಚನೆಯ ದನಿ ಬರುವುದು ಎಲ್ಲಿಂದ? ಮೊದಲು ಈ ‘ವಾರ್ಮ್’ ಎಂಬ ಮಾತನ್ನೇ ಬಿಡಿ. ನಮ್ಮ ತಬಲಾದವರನ್ನು ಕೇಳಿ, ‘ಡಗ್ಗಾ ಗುಂಡಗ ನುಡೀಬೇಕು’ ಅನ್ನುತ್ತಾರೆ. ಬೇಸಿಗೂ ಬೇಕಾದದ್ದು ಅದೇ. ತಂಬೂರಿ ನುಡಿಸಿದವರಿಗೆ ಇನ್ನೂ ಬೇಗ ತಿಳಿಯುತ್ತದೆ. ತಂತಿ ಕೂರುವ ಬ್ರಿಜ್ಜಿನ ಮೇಲಿನ ಜವಾರಿಯ ದಾರ ಸರಿಸಿ ಜವಾರಿ ತೆರೆದರೆ ತಂತಿ ಝೇಂಕರಿಸುತ್ತದೆ, ಮುಚ್ಚಿದರೆ ದನಿ ದುಂಡಗಾಗುತ್ತದೆ. ತಂಬೂರಿ ಅದೇ, ತಂತಿ ಅದೇ, ಆಂಪಂತೂ ಇಲ್ಲವೇ ಇಲ್ಲ. ಹೊಸ ರೌಂಡ್‌ವೂಂಡ್ ತಂತಿ (ಮೇಲೆ ದುಂಡು ತಂತಿ ಸುತ್ತಿದ್ದು) ಅಂದರೆ ತೆರೆದ ಜವಾರಿ, ಫ್ಲಾಟ್‌ವೂಂಡ್ (ಚಪ್ಪಟೆ ಪಟ್ಟಿ ಸುತ್ತಿದ್ದು) ಅಂದರೆ ಮುಚ್ಚಿದ ಜವಾರಿ. ದನಿಯ ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗಿರುತ್ತದೆ.

ನಂಬಿಕೆ ಬಾರದಿದ್ದರೆ ಜೇಮ್ಸ್ ಜೇಮರ್ಸನ್ ಬಾರಿಸಿದ್ದನ್ನು ಕೇಳಿ. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೊದಲ್ಲಿ ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಬೇಸ್ ಹಾಕಿದ ಮನುಷ್ಯ. ಬೆಚ್ಚನೆಯ ಬೇಸ್ ಅಂದಾಗ ಜಗತ್ತು ಮೊದಲು ಹೇಳುವ ಹೆಸರು. ದಪ್ಪ ಫ್ಲಾಟ್‌ವೂಂಡ್ ತಂತಿ, ಅದೂ ತುಂಡಾಗುವ ತನಕ ಬದಲಿಸುತ್ತಿರಲಿಲ್ಲ. ಬಾರಿಸುತ್ತಿದ್ದದ್ದು ಒಂದೇ ತೋರುಬೆರಳಿನಿಂದ. ಕ್ಲಬ್ಬಿನಲ್ಲಿ ಆಂಪೆಗ್ ಬಿ-15 ಎಂಬ ವಾಲ್ವ್ ಆಂಪ್ ಇಟ್ಟುಕೊಳ್ಳುತ್ತಿದ್ದ, ನಿಜ. ಆದರೆ ನಾವು ಕೇಳುವ ಆ ರೆಕಾರ್ಡುಗಳಲ್ಲಿ ಬಹುಪಾಲು ಅವನ ಗಿಟಾರಿನ ವೈರು ನೇರ ಸ್ಟುಡಿಯೊದ ಮಿಕ್ಸಿಂಗ್ ಮೇಜಿಗೇ ಹೋಗುತ್ತಿತ್ತು. ಆಂಪೂ ಇಲ್ಲ, ಸ್ಪೀಕರಿನ ಮುಂದೆ ಮೈಕೂ ಇಲ್ಲ.

ಆದ್ದರಿಂದ ತಮ್ಮಾ, ಮೊದಲು ಒಂದು ಸೆಟ್ ಫ್ಲಾಟ್‌ವೂಂಡ್ ತಂತಿ ಹಾಕು. ಗಿಟಾರಿನ ಟೋನ್ ನಾಬ್ ಅರ್ಧಕ್ಕೆ ಇಳಿಸು. ಬ್ರಿಜ್ ಹತ್ತಿರ ಬೇಡ, ಕತ್ತಿನ ಕಡೆಗೆ ಸರಿದು ಬೆರಳಿನ ಮೆತ್ತನೆಯ ಭಾಗದಿಂದ ಬಾರಿಸು. ಬ್ರಿಜ್ ಪಕ್ಕ ತಂತಿಯ ಕೆಳಗೆ ತೆಳ್ಳನೆ ಸ್ಪಂಜಿನ ತುಂಡು ತುರುಕಿ ನೋಡು, ಮಜಾ ಬರುತ್ತದೆ. ಆಂಪಿನಲ್ಲಿ ಟ್ವೀಟರ್ (ಮೇಲಿನ ಸ್ವರದ ಪುಟ್ಟ ಸ್ಪೀಕರ್) ಇದ್ದರೆ ಬಂದ್ ಮಾಡು, ಟ್ರೆಬಲ್ ಇಳಿಸು, 250 ಹರ್ಟ್ಜ್ ಆಸುಪಾಸಿನ ಲೋ-ಮಿಡ್ ತುಸು ಏರಿಸು. ಬೇಸ್ ನಾಬ್ ನಡುವೆಯೇ ಇರಲಿ. ಎಲ್ಲರೂ ಎಡವುವುದು ಇಲ್ಲೇ. ಮನೆಯಲ್ಲಿ ಮೆಲ್ಲಗೆ ಬಾರಿಸುವಾಗ ಕಿವಿಗೆ ಕೆಳಗಿನ ಸ್ವರ ಕಡಿಮೆ ಕೇಳುತ್ತದೆ. ಫ್ಲೆಚರ್, ಮುನ್ಸನ್ ಎಂಬಿಬ್ಬರು ಇದನ್ನು 1933ರಲ್ಲೇ ಅಳೆದು ತೋರಿಸಿದರು. ಹಾಗಾಗಿ ಬೇಸ್ ನಾಬ್ ಪೂರ್ತಿ ತಿರುಗಿಸಿ ‘ಆಹಾ’ ಅನ್ನುತ್ತೀರಿ. ಅದೇ ಸೆಟ್ಟಿಂಗನ್ನು ಮಂಟಪದಲ್ಲಿ ಜೋರು ಮಾಡಿದರೆ ದನಿ ಹೋಗಿ ರಾಡಿ ಉಳಿಯುತ್ತದೆ.

ವ್ಯಾಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಅನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಡಬ್ಬದ ಮೇಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ತಾಕತ್ತು) ಅಂತ ಸಾವಿರಗಟ್ಟಲೆ ಬರೆದಿದ್ದರೆ ಅದನ್ನು ಓದದೆ ಮುಂದೆ ಹೋಗಿ. ಜನರಿಗೆ ಕೇಳಿಸುವುದು ಮೈಕ್‌ಸೆಟ್‌ನವರ ಕೆಲಸ. ನಿಮ್ಮ ಆಂಪ್ ನಿಮಗೆ ಮತ್ತು ಡ್ರಮ್ಮಿನವನಿಗೆ ಕೇಳಿದರೆ ಸಾಕು, ಲೈನ್ ಔಟ್ ಬೇಕು ಅಂದದ್ದು ಅದಕ್ಕೇ. ಅದರ ಪಕ್ಕ ಗ್ರೌಂಡ್ ಲಿಫ್ಟ್ ಸ್ವಿಚ್ (ಲೈನಿನ ಅರ್ಥ್ ಜೋಡಣೆ ಬಿಡಿಸಿ ಗುಂಯ್ ಸದ್ದು ತಗ್ಗಿಸುವುದು) ಇದ್ದರೆ ಇನ್ನೂ ಛಲೋ. ನಮ್ಮ ಫಂಕ್ಷನ್ ಹಾಲುಗಳ ಅರ್ಥಿಂಗ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಕರೆಂಟಿನ ಗುಂಯ್ ಸದ್ದು 50 ಹರ್ಟ್ಜ್, ಎಲ್ಲಕ್ಕಿಂತ ದಪ್ಪನೆಯ ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49. ಎರಡೂ ಜಗಳಕ್ಕೆ ಬಿದ್ದರೆ ಕೇಳುವವರಿಗೆ ಶ್ರುತಿ ತಪ್ಪಿದ್ದು ನೀವೇ ಅನಿಸುತ್ತದೆ.

ಯಾರೂ ಕೇಳದ ಇನ್ನೊಂದು ಸಂಗತಿಯಿದೆ, ಕೇಳಬೇಕಾದದ್ದು ಇದನ್ನೇ ಅಂತ ನನಗೆ ಅನಿಸುತ್ತದೆ: ಆಂಪನ್ನು ಎಲ್ಲಿ ಇಡುವುದು?

ನಮ್ಮ ಕಡೆ ನೆಲ ಶಹಾಬಾದ್ ಕಲ್ಲು, ಹಳೆಯ ಮನೆಗಳಲ್ಲಿ ಗ್ವಾಡಿಯೂ ಕಲ್ಲು. ಕೆಳಗಿನ ಸ್ವರವನ್ನು ಕಲ್ಲು ಕುಡಿಯುವುದಿಲ್ಲ, ಹಾಗೇ ವಾಪಸ್ ಒಗೆಯುತ್ತದೆ. ತೆರೆದ ಇ ತಂತಿಯ ಸ್ವರ 41 ಹರ್ಟ್ಜ್. ಸಣ್ಣ ಆಂಪ್ ಅದನ್ನು ಗಟ್ಟಿಯಾಗಿ ಹೊರಡಿಸುವುದೂ ಇಲ್ಲ. ಅದರ ಇಮ್ಮಡಿಯಾದ 82 ಮತ್ತು ಅದರ ಮೇಲಿನವು ಕೇಳಿಸಿದರೆ ಕಿವಿಯೇ ಕೆಳಗಿನದನ್ನು ಕಟ್ಟಿಕೊಳ್ಳುತ್ತದೆ. ಈಗ 14 ಅಡಿಯ ಕೋಣೆ ತಗೊಳ್ಳಿ, ತಾಲೀಮು ನಡೆಯುವುದು ಅಂಥದರಲ್ಲೇ. 14 ಅಡಿ ಅಂದರೆ 4.27 ಮೀಟರ್, ಗ್ವಾಡಿಗೆ ಹೋಗಿ ವಾಪಸ್ ಬಂದರೆ 8.54. ತಾಪ 35 ಡಿಗ್ರಿ ಇದ್ದರೆ ಶಬ್ದ ಸೆಕೆಂಡಿಗೆ ಸುಮಾರು 352 ಮೀಟರ್ ಓಡುತ್ತದೆ. ಭಾಗಿಸಿ ನೋಡಿ, 41 ಬರುತ್ತದೆ. ಅಂದರೆ ಬ್ಯಾಸಗಿಯ ಮಧ್ಯಾಹ್ನ ಆ ಕೋಣೆ ನಿಮ್ಮ ಇ ತಂತಿಗೇ ಶ್ರುತಿಯಾಗಿ ಕೂತಿರುತ್ತದೆ, 82ಕ್ಕೂ ಅದೇ ತಾಳ. ಚಳಿಗಾಲದಲ್ಲಿ ಒಂದು ಹರ್ಟ್ಜ್ ಇಳಿದೀತು, ಕಾಟ ತಪ್ಪುವುದಿಲ್ಲ. ಉಳಿದ ಮೂರು ತಂತಿ ಸುಮ್ಮನೆ ಮಾತಾಡಿದರೆ ಇ ತಂತಿ ಒದರುತ್ತದೆ. ಆಗ ಹುಡುಗರು ಆಂಪ್ ಕೆಟ್ಟಿದೆ ಅಂತ ನನ್ನ ಹತ್ತಿರ ತರುತ್ತಾರೆ. ಬಿಚ್ಚಿ ನೋಡಿದರೆ ಏನೂ ಆಗಿರುವುದಿಲ್ಲ.

ಮೊನ್ನೆ ಆಳಂದ ಕಡೆಯ ಒಬ್ಬ ಇದೇ ದೂರು ಹೇಳಿದ. ಆಂಪ್ ಎಲ್ಲಿಟ್ಟಿದ್ದಿ ಅಂತ ಕೇಳಿದೆ. ‘ಮೂಲ್ಯಾಗ್ರಿ, ಜಾಗ ಉಳೀತದ.’ ಮೂಲೆಯಲ್ಲಿಟ್ಟರೆ ಎರಡು ಗ್ವಾಡಿ ಮತ್ತು ನೆಲ ಸೇರಿ ಕೆಳಗಿನ ಸ್ವರವನ್ನು ಇನ್ನಷ್ಟು ಉಬ್ಬಿಸುತ್ತವೆ. ಎರಡು ಮೊಳ ಮುಂದೆ ಎಳಿ, ಕುರ್ಚಿ ಮೇಲಿಟ್ಟು ಮೋತಿಯನ್ನು ನಿನ್ನ ಕಿವಿಯ ಕಡೆ ತಿರುಗಿಸು, ಕೆಳಗೆ ಜಮಖಾನ ಹಾಸಿ ಹಿಂದಿನ ಗ್ವಾಡಿಗೆ ಗಾದಿ ನಿಲ್ಲಿಸು ಅಂದೆ. ಜಮಖಾನ ಇವತ್ತೇ ಹಾಸ್ತೀನಿ ಅಂದ. ಗಾದಿಗೆ ಮಾತ್ರ ಅವ್ವನನ್ನು ಕೇಳಬೇಕಂತೆ.